ಹಳೇ ಫೋನು ನಿಧಾನವಾಗುವ ಗುಟ್ಟು ಬಯಲಾದದ್ದು ಹೇಗೆ, ಅದರಿಂದ ಬಳಸುವವರಿಗೆ ಸಿಕ್ಕಿದ್ದೇನು?

ತುಂಗಾತೀರ (ಚರ್ಚೆ ಶುರು)

ಪತ್ರಿಕೆಗಳು ಟೆಕ್ ಕಂಪನಿಗಳ ಬೆನ್ನು ಬಿದ್ದರೆ ಗ್ರಾಹಕರಿಗೆ ಏನು ಸಿಗುತ್ತೆ ಅನ್ನೋ ಪ್ರಶ್ನೆ ಇಲ್ಲಿ ಮತ್ತೆ ಮತ್ತೆ ಬರುತ್ತೆ. ಎಲ್ಲ ಕಂಪನಿಗಳನ್ನೂ ಒಟ್ಟಿಗೆ ಎಳೆದು ತಂದರೆ ಮಾತು ಜಾಳಾಗುತ್ತೆ. ಅದಕ್ಕೆ ಒಂದೇ ಪ್ರಕರಣ ಇಟ್ಟುಕೊಳ್ಳೋಣ: 2017ರ ಐಫೋನ್ ಬ್ಯಾಟರಿ ವಿಚಾರ. ಇದರಲ್ಲಿ ಪ್ರತಿ ಹೆಜ್ಜೆಗೂ ತಾರೀಖಿದೆ, ಅಂಕಿಯಿದೆ, ಕೊನೆಗೆ ಏನು ಸಿಕ್ಕಿತು ಅಂತ ಬೆರಳಿಟ್ಟು ತೋರಿಸಬಹುದು.

2016ರ ಕೊನೆಗೆ ಐಫೋನ್ 6 ಮತ್ತು 6ಎಸ್ ಬಳಸುವವರಿಂದ ಒಂದೇ ದೂರು. ಬ್ಯಾಟರಿ 30–40% ಇದೆ ಅಂತ ತೋರಿಸ್ತಿರುವಾಗಲೇ ಫೋನು ದಿಢೀರನೆ ಆಫ್ ಆಗುತ್ತೆ, ಚಾರ್ಜರಿಗೆ ಹಾಕಿದ ಕೂಡಲೇ ಮತ್ತೆ ಅದೇ 30% ತೋರಿಸುತ್ತೆ. ನವೆಂಬರ್‌ನಲ್ಲಿ ಆಪಲ್, 2015ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ತಯಾರಾದ ಕೆಲವು 6ಎಸ್ ಫೋನುಗಳಿಗೆ ಪುಕ್ಕಟೆ ಬ್ಯಾಟರಿ ಕೊಡ್ತೀವಿ ಅಂತು. 2017ರ ಜನವರಿಯಲ್ಲಿ ಐಫೋನ್ ನಡೆಸುವ ಸಾಫ್ಟ್‌ವೇರ್ ಐಓಎಸ್‌ನ 10.2.1 ಆವೃತ್ತಿ ಬಂತು. ಅದರ ಬಿಡುಗಡೆ ಟಿಪ್ಪಣಿಯಲ್ಲಿ ಮೊದಲಿಗೆ ಇದ್ದದ್ದು ದೋಷ ನಿವಾರಣೆ, ಭದ್ರತೆ ಸುಧಾರಣೆ ಅನ್ನೋ ಮಾಮೂಲಿ ಮಾತು. ಫೆಬ್ರವರಿಯಲ್ಲಿ ಕಂಪನಿ ಟೆಕ್‌ಕ್ರಂಚ್ ಅನ್ನೋ ಸುದ್ದಿತಾಣಕ್ಕೆ, ಆಫ್ ಆಗುವ ತೊಂದರೆ 6ಎಸ್‌ನಲ್ಲಿ 80%, 6ರಲ್ಲಿ 70% ತಗ್ಗಿದೆ ಅಂತ ಹೇಳಿತು. ಹೇಗೆ ತಗ್ಗಿಸಿದರು ಅನ್ನೋದು ಮಾತ್ರ ಬಾಯಿಬಿಡಲಿಲ್ಲ.

ಡಿಸೆಂಬರ್‌ನಲ್ಲಿ ಒಬ್ಬ 6ಎಸ್ ಬಳಕೆದಾರರು ಬ್ಯಾಟರಿ ಬದಲಿಸುವ ಮೊದಲು ಮತ್ತು ಆಮೇಲೆ ಫೋನಿನ ವೇಗ ಅಳೆಯುವ ಗೀಕ್‌ಬೆಂಚ್ ಆ್ಯಪ್ ಓಡಿಸಿ ಅಂಕಗಳನ್ನು ರೆಡಿಟ್ ಅನ್ನೋ ಚರ್ಚಾತಾಣದಲ್ಲಿ ಹಾಕಿದರು. ಪ್ರೊಸೆಸರಿನ ಒಂದು ಕೋರ್‌ನ ಅಂಕ 1466 ಇದ್ದದ್ದು 2526ಕ್ಕೆ ಏರಿತ್ತು. ಅಂದರೆ ಹಳೇ ಬ್ಯಾಟರಿಯಲ್ಲಿ 40%ಕ್ಕೂ ಹೆಚ್ಚು ವೇಗ ಹೋಗಿತ್ತು. ಗೀಕ್‌ಬೆಂಚ್ ತಯಾರಿಸುವ ಪ್ರೈಮೇಟ್ ಲ್ಯಾಬ್ಸ್‌ನ ಜಾನ್ ಪೂಲ್ ತಮ್ಮಲ್ಲಿ ಜಮೆಯಾಗಿದ್ದ ಅಂಕಗಳನ್ನೆಲ್ಲ ತೆಗೆದು ಡಿಸೆಂಬರ್ 18ಕ್ಕೆ, ಯಾವ ಅಂಕ ಎಷ್ಟು ಸಲ ಬಂದಿದೆ ಅಂತ ತೋರಿಸುವ ನಕ್ಷೆ ಪ್ರಕಟಿಸಿದರು. ಪತ್ರಿಕೆಗಳು ಹಿಡಿದುಕೊಂಡವು. ಬ್ಯಾಟರಿ ಹಳೆಯದಾದ ಫೋನುಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸ್ತಿದ್ದೀವಿ ಅಂತ 20ಕ್ಕೆ ಆಪಲ್ ಒಪ್ಪಿಕೊಂಡಿತು. 28ಕ್ಕೆ ಕ್ಷಮೆ ಕೇಳಿ ಪತ್ರ ಬರೆದು, ವಾರಂಟಿ ಮುಗಿದ ಫೋನಿನ ಬ್ಯಾಟರಿ ಬದಲಾವಣೆಯನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ಭಾರತದಲ್ಲಿ ₹6,500 ಇದ್ದದ್ದು ₹2,000 ಆಯಿತು, ತೆರಿಗೆ ಬೇರೆ. ಹನ್ನೊಂದು ತಿಂಗಳು ಮುಚ್ಚಿಟ್ಟದ್ದು ನಕ್ಷೆ ಬಂದ ಎರಡೇ ದಿನಕ್ಕೆ ಹೊರಬಿತ್ತು.

ಇದರಲ್ಲಿ ಯಾವ ಭಾಗ ಕೆಲಸ ಮಾಡಿತು, ಯಾವುದು ಬರೀ ಸದ್ದು? ತಿಳಿದವರು ಬಿಡಿಸಿ ಹೇಳಿ.

---

ಬೆಸುಗೆಕಡ್ಡಿ

ಮೊದಲು ಬ್ಯಾಟರಿ ಕತೆ ಅರ್ಥ ಆದರೆ ಮಿಕ್ಕಿದ್ದು ಸಲೀಸು.

ಲಿಥಿಯಂ ಬ್ಯಾಟರಿ ಹಳೆಯದಾದಾಗ ಎರಡು ಆಗುತ್ತೆ. ಹಿಡಿಯೋ ಚಾರ್ಜು ಕಮ್ಮಿ ಆಗುತ್ತೆ, ಇದು ಎಲ್ರಿಗೂ ಗೊತ್ತು. ಎರಡನೇದು ಆಂತರಿಕ ರೋಧ, ಅಂದರೆ ಕರೆಂಟಿಗೆ ಬ್ಯಾಟರಿ ಒಳಗೇ ಆಗೋ ತಡೆ, ಏರುತ್ತೆ. ಫೋನನ್ನ ಆರಿಸೋದು ಈ ಎರಡನೇದು.

ಲೆಕ್ಕಕ್ಕೆ ಒಂದು ಉದಾಹರಣೆ ತಗೊಳ್ಳಿ. ಬ್ಯಾಟರಿ 30% ಇದೆ, ಭಾರ ಇಲ್ಲದಾಗ 3.7 ವೋಲ್ಟ್. ಕ್ಯಾಮೆರಾ ತೆರೆದಾಗ ಅಥವಾ ಆಟ ಲೋಡ್ ಆಗುವಾಗ ಕ್ಷಣಮಾತ್ರ 2.5 ಆಂಪಿಯರ್ ಎಳೆಯುತ್ತೆ ಅಂದುಕೊಳ್ಳಿ. ರೋಧ 0.12 ಓಮ್ ಇದ್ದರೆ 0.3 ವೋಲ್ಟ್ ಕುಸಿದು 3.4 ಉಳಿಯುತ್ತೆ, ಏನೂ ತೊಂದರೆ ಇಲ್ಲ. ಅದೇ ರೋಧ 0.3 ಓಮ್ ಆಗಿದ್ದರೆ 0.75 ಕುಸಿದು 2.95ಕ್ಕೆ ಬರುತ್ತೆ. ಬೋರ್ಡಿಗೆ ಅಷ್ಟು ಸಾಲದು, ಫೋನು ಆರಿಹೋಗುತ್ತೆ. ಭಾರ ಹೋದ ಮೇಲೆ ವೋಲ್ಟೇಜ್ ಮತ್ತೆ 3.7ಕ್ಕೆ ಏರೋದರಿಂದ ಆನ್ ಮಾಡಿದಾಗ 30% ಅಂತಲೇ ತೋರಿಸುತ್ತೆ. ಚಳಿಯಲ್ಲಿ ರೋಧ ಇನ್ನೂ ಜಾಸ್ತಿ, ಅದಕ್ಕೇ ಡಿಸೆಂಬರ್ ಬೆಳಗ್ಗೆ ಹೊತ್ತು ಈ ಕಾಟ ಹೆಚ್ಚು. 6ಎಸ್‌ನಲ್ಲಿ ಇದ್ದದ್ದು 1715 ಎಂಎಎಚ್‌ನ ಪುಟ್ಟ ಬ್ಯಾಟರಿ, ದಿನಾ ಪೂರ್ತಿ ಖಾಲಿ ಮಾಡಿ ತುಂಬಿಸಿದರೆ ಒಂದೂವರೆ ವರ್ಷದೊಳಗೆ 500 ಸುತ್ತು ಮುಗಿಯುತ್ತೆ. ಆ ಕಾಲದ ಐಫೋನ್ ಬ್ಯಾಟರಿಗೆ ಆಪಲ್ ಹೇಳ್ತಿದ್ದ ಆಯಸ್ಸೂ ಅಷ್ಟೇ: 500 ಸುತ್ತಿನ ನಂತರ 80% ಸಾಮರ್ಥ್ಯ ಉಳಿಯುತ್ತೆ.

10.2.1 ಮಾಡಿದ್ದು ಇಷ್ಟು: ರೋಧ ಜಾಸ್ತಿ ಇದ್ದರೆ ಪ್ರೊಸೆಸರಿನ ಗರಿಷ್ಠ ವೇಗಕ್ಕೆ ಮಿತಿ ಹಾಕು, 2.5 ಆಂಪಿಯರ್ ಎಳೆಯೋ ಪ್ರಮೇಯವೇ ಬರದಂತೆ ನೋಡ್ಕೋ. ತಂತ್ರ ಸರಿಯಾಗೇ ಇದೆ. ಫೋನು ಬಳಸುವವರಿಗೆ ಹೇಳಲಿಲ್ಲ, ತಪ್ಪು ಅಲ್ಲಿ.

---

ಅಂಕಿಮನೆ

ಬೆಸುಗೆಕಡ್ಡಿ ಅವರು ಹೇಳಿದ್ದಕ್ಕೆ ಪೂಲ್ ಅವರ ನಕ್ಷೆ ಸೇರಿಸಿ ನೋಡಿ. ಬ್ಯಾಟರಿ ಸವೆದ ಮಾತ್ರಕ್ಕೆ ಪ್ರೊಸೆಸರ್ ನಿಧಾನ ಆಗೋದಿಲ್ಲ. ಕರೆಂಟ್ ಸಾಕಾದರೆ ಪೂರ್ತಿ ವೇಗ, ಸಾಲದಿದ್ದರೆ ಆಫ್. ಹಾಗಾಗಿ ಹಳೇ ಫೋನುಗಳ ಅಂಕ ಎಲ್ಲ ಒಂದೇ ಕಡೆ ಗುಡ್ಡೆ ಬೀಳಬೇಕು. ಐಓಎಸ್ 10.2 ಇದ್ದ 6ಎಸ್‌ಗಳಲ್ಲಿ ಹಾಗೇ ಇತ್ತು, 2500ರ ಹತ್ತಿರ ಒಂದೇ ಶಿಖರ. 10.2.1 ಬಂದ ಮೇಲೆ ಅದರ ಎಡಕ್ಕೆ, ಅಂದರೆ ಕಮ್ಮಿ ಅಂಕದ ಕಡೆ, ಬಿಡಿಬಿಡಿಯಾಗಿ ಸಣ್ಣ ಶಿಖರಗಳು ಎದ್ದವು, 11.2ರಲ್ಲಿ ಅವು ಇನ್ನಷ್ಟು ಎತ್ತರವಾದವು. ಬಿಡಿ ಶಿಖರ ಕಂಡರೆ ಯಾರೋ ಸಾಫ್ಟ್‌ವೇರ್‌ನಲ್ಲಿ ಮೆಟ್ಟಿಲು ಕಟ್ಟಿದ್ದಾರೆ ಅಂತಲೇ ಅರ್ಥ. ಸರಾಸರಿ ತೆಗೆದು ಕೂತಿದ್ದರೆ ಇದು ಕಣ್ಣಿಗೇ ಬೀಳ್ತಿರಲಿಲ್ಲ.

ನನಗೆ ಅತ್ಯಂತ ಗಟ್ಟಿ ಸಾಕ್ಷಿ ಅನ್ನಿಸೋದು ಐಫೋನ್ 7ರ ನಕ್ಷೆ. 10.2, 10.2.1, 11.1.2 ಮೂರರಲ್ಲೂ ಅದರ ಆಕಾರ ಬದಲಾಗಲಿಲ್ಲ. 11.2 ಬಂದಾಗ ಬದಲಾಯಿತು. ಬ್ಯಾಟರಿಗಳೆಲ್ಲ ಒಂದೇ ರಾತ್ರಿ ಹಳೆಯವಾಗೋಕೆ ಸಾಧ್ಯವೇ? ಈ ಒಂದು ಹೋಲಿಕೆ ಇಲ್ಲದಿದ್ದರೆ ಕಂಪನಿಗೆ ನುಣುಚಿಕೊಳ್ಳೋಕೆ ಬೇಕಾದಷ್ಟು ಜಾಗ ಇತ್ತು.

ಸ್ವಂತ ಫೋನನ್ನು ಅಳೆಯುವವರಿಗೆ: ಚಾರ್ಜು 80% ಮೇಲಿರಲಿ, ಕವರ್ ತೆಗೆಯಿರಿ, ಫೋನು ಮುಟ್ಟಿದರೆ ತಣ್ಣಗಿರಬೇಕು, ಏರೋಪ್ಲೇನ್ ಮೋಡ್ ಹಾಕಿ, ಲೋ ಪವರ್ ಮೋಡ್ ತೆಗೆಯಿರಿ. ಈ ಕೊನೆಯದನ್ನು ಮರೆತು ಅಂಕ ಬಿತ್ತು ಅಂತ ಗಾಬರಿಯಾಗುವವರೇ ಹೆಚ್ಚು. ಒಂದೊಂದು ಓಟಕ್ಕೂ ನಡುವೆ 10 ನಿಮಿಷ ಬಿಟ್ಟು 5 ಸಲ ಓಡಿಸಿ, ಏರಿಕೆ ಕ್ರಮದಲ್ಲಿ ಬರೆದು ನಡುವಿನ ಅಂಕ ಇಟ್ಟುಕೊಳ್ಳಿ. ಅದೇ ಕೆಲಸ 30% ಚಾರ್ಜಿನಲ್ಲಿ ಮತ್ತೊಮ್ಮೆ. ಐಓಎಸ್ ಅಥವಾ ಆಂಡ್ರಾಯ್ಡ್ ಆವೃತ್ತಿ, ಕೋಣೆಯ ಉಷ್ಣತೆ, ದಿನಾಂಕ ಪಕ್ಕದಲ್ಲೇ ಬರೆದಿಡಿ. ಗೀಕ್‌ಬೆಂಚ್ 4ರ ಅಂಕವನ್ನು 5 ಅಥವಾ 6ರ ಜೊತೆ ಹೋಲಿಸಬೇಡಿ, ಅಳತೆಗೋಲೇ ಬೇರೆ. ಅಪ್‌ಡೇಟ್ ಆದ ದಿನವೇ ಅಳೆಯಬೇಡಿ. ಒಂದೆರಡು ದಿನ ಫೋಟೋ ವಿಂಗಡಣೆ, ಹುಡುಕಾಟದ ಪಟ್ಟಿ ಕಟ್ಟೋದು ಇವೆಲ್ಲ ಹಿಂದಿನಿಂದ ನಡೀತಿರುತ್ತೆ, ಯಾವ ಫೋನಾದರೂ ನಿಧಾನ.

---

ಪೀಣ್ಯ_ಲೈನ್

ನಾನು ಎದುರು ವಾದ ಇಡ್ತೀನಿ. ಆಫ್ ಆಗೋ ಫೋನು ಬೇಕೋ, ನಿಧಾನ ಓಡೋ ಫೋನು ಬೇಕೋ? ರಾತ್ರಿ ಹೊತ್ತು ಆಂಬುಲೆನ್ಸಿಗೆ ಕರೆ ಮಾಡುವಾಗ ಆರಿಹೋದರೆ ಏನು ಗತಿ? ಎಂಜಿನಿಯರುಗಳು ಸರಿಯಾದ ತೀರ್ಮಾನವನ್ನೇ ತಗೊಂಡಿದ್ದರು. ಪತ್ರಿಕೆಗಳು ಅದನ್ನ “ಹೊಸ ಫೋನು ಮಾರೋಕೆ ಹಳೇದನ್ನ ಬೇಕಂತಲೇ ಹಾಳು ಮಾಡಿದರು” ಅಂತ ಬರೆದವು. ವೇಗಕ್ಕೆ ಮಿತಿ ಬಿದ್ದ ಮಾಡೆಲ್‌ಗಳ ಪಟ್ಟಿಯಲ್ಲಿ ಐಫೋನ್ ಎಸ್‌ಇ ಕೂಡ ಇತ್ತು. 2017ರಲ್ಲಿ ನಮ್ಮ ಬೆಂಗಳೂರಿನ ಪೀಣ್ಯದಲ್ಲಿ ತೈವಾನಿನ ಕಂಪನಿ ವಿಸ್ಟ್ರಾನ್ ಜೋಡಿಸಲು ಶುರು ಮಾಡಿದ್ದು ಅದೇ ಮಾಡೆಲ್. ಹೊಸದಾಗಿ ಜೋಡಿಸಿದ ಫೋನಿನ ಬ್ಯಾಟರಿಗೆ ಈ ಮಿತಿ ತಾಗೋದೇ ಇಲ್ಲ. ಆದರೂ ಮಾಡೆಲಿನ ಹೆಸರು ಕೇಳಿದ ಕೂಡಲೇ “ಅದು ಸ್ಲೋ ಆಗುತ್ತಂತೆ” ಅನ್ನೋ ಮಾತು ಹರಡೋದು ನ್ಯಾಯವೇ?

---

ಸುದ್ದಿಕಟ್ಟೆ

ಪೀಣ್ಯ_ಲೈನ್ ಅವರೇ, ನಿಮ್ಮ ಮಾತಿನ ಅರ್ಧ ಒಪ್ಪುವಂಥದ್ದೇ. ಬೇಕಂತಲೇ ಹಾಳು ಮಾಡಿದರು ಅನ್ನೋ ಶೀರ್ಷಿಕೆ ಅತಿಯಾಯಿತು. ಫ್ರಾನ್ಸ್‌ನಲ್ಲಿ 2020ರ ಫೆಬ್ರವರಿಯಲ್ಲಿ 2.5 ಕೋಟಿ ಯೂರೋ ದಂಡ ಬಿದ್ದಾಗ ಅನೇಕ ಕಡೆ “ಯೋಜಿತ ಹಾಳುಗೆಡಹುವಿಕೆಗೆ ದಂಡ” ಅಂತಲೇ ಬಂತು. ದಂಡ ಬಿದ್ದದ್ದು ಬೇರೆ ಕಾರಣಕ್ಕೆ: ಅಪ್‌ಡೇಟ್ ಹಾಕಿದರೆ ಫೋನು ನಿಧಾನ ಆಗಬಹುದು ಅನ್ನೋದನ್ನ ಗ್ರಾಹಕರಿಗೆ ತಿಳಿಸದೆ ದಾರಿ ತಪ್ಪಿಸಿದ್ದಕ್ಕೆ. ಜೊತೆಗೆ ಈ ಬಗ್ಗೆ ಒಂದು ಪ್ರಕಟಣೆಯನ್ನು ಕಂಪನಿ ತನ್ನ ಫ್ರೆಂಚ್ ಜಾಲತಾಣದಲ್ಲಿ ಒಂದು ತಿಂಗಳು ಹಾಕಬೇಕಾಯಿತು. ಇಟಲಿ 2018ರ ಅಕ್ಟೋಬರ್‌ನಲ್ಲೇ ಆಪಲ್‌ಗೆ 1 ಕೋಟಿ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತ್ತು.

ಇನ್ನರ್ಧ ಒಪ್ಪಲಾರೆ. ಫೋನು ದಿಢೀರನೆ ಆಫ್ ಆದರೆ ಜನ ಬ್ಯಾಟರಿ ಹೋಯಿತು ಅಂದುಕೊಳ್ತಾರೆ. ಮೆಲ್ಲಗೆ ನಿಧಾನ ಆದರೆ ಫೋನೇ ಹಳೆಯದಾಯಿತು ಅಂದುಕೊಳ್ತಾರೆ. ಮೊದಲನೆಯವರು ಬ್ಯಾಟರಿ ಬದಲಿಸ್ತಾರೆ, ಎರಡನೆಯವರು ಹೊಸ ಫೋನು ಕೊಳ್ತಾರೆ. ರೋಗದ ಲಕ್ಷಣವನ್ನೇ ಬದಲಿಸಿ ಬಾಯಿ ಮುಚ್ಚಿಕೊಂಡದ್ದರಿಂದ ಜನರ ಕೈಯಿಂದ ಹಣ ಹೋಯಿತು. ಕಂಪನಿಯ ಉದ್ದೇಶ ಏನೇ ಇರಲಿ, ಪರಿಣಾಮ ಅದೇ. ಇದಕ್ಕೆ ಆಪಲ್‌ನ ಪತ್ರವೇ ಸಾಕ್ಷಿ. 2019ರ ಜನವರಿಯಲ್ಲಿ ಆಗಿನ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಆದಾಯ ಕಮ್ಮಿಯಾಗುತ್ತೆ ಅಂತ ಬರೆದಾಗ, ಹೇಳಿದ ಕಾರಣಗಳಲ್ಲಿ ಒಂದು ಕಮ್ಮಿ ಬೆಲೆಗೆ ಬ್ಯಾಟರಿ ಬದಲಿಸಿಕೊಂಡ ಗ್ರಾಹಕರು.

ಬರೆಯುವವರಿಗೆ ಇದರಲ್ಲಿ ಒಂದು ಪಾಠ ಇದೆ. ಪೂಲ್ ತಮ್ಮ ಬರಹದಲ್ಲಿ ಉದ್ದೇಶದ ಆರೋಪ ಮಾಡಲಿಲ್ಲ, ನಕ್ಷೆ ಇಟ್ಟರು. ಅಳತೆಗೆ ಉತ್ತರ ಕೊಡಲೇಬೇಕಾಗುತ್ತೆ. ಆರೋಪಕ್ಕಾದರೆ “ಇದು ನಿರಾಧಾರ” ಅಂತ ಒಂದು ಸಾಲು ಸಾಕು.

---

ಕಾಯಿದೆಕಟ್ಟೆ

ಸಿಕ್ಕಿದ್ದೇನು ಅನ್ನೋದನ್ನ ದೇಶವಾರು ನೋಡಬೇಕು. ಎಲ್ಲರೂ ಮರೆಯೋದು ಇದನ್ನೇ.

ಅಮೆರಿಕದಲ್ಲಿ ಸಾಮೂಹಿಕ ದಾವೆ 50 ಕೋಟಿ ಡಾಲರ್‌ವರೆಗಿನ ರಾಜಿಯಲ್ಲಿ ಮುಗಿಯಿತು. ಹಣ ಕೈಗೆ ಬಂದದ್ದು 2024ರ ಜನವರಿಯಲ್ಲಿ, ಒಂದು ಅರ್ಜಿಗೆ ಸುಮಾರು 92 ಡಾಲರ್. ಅಂದರೆ ಆರು ವರ್ಷ. 30ಕ್ಕೂ ಹೆಚ್ಚು ರಾಜ್ಯಗಳ ಜೊತೆ 2020ರ ನವೆಂಬರ್‌ನಲ್ಲಿ ಇನ್ನೊಂದು 11.3 ಕೋಟಿ ಡಾಲರಿನ ರಾಜಿ. ಆ ಸಾಮೂಹಿಕ ದಾವೆಯ ಹಣ ಅಮೆರಿಕದ ಬಳಕೆದಾರರಿಗಷ್ಟೇ. ಭಾರತದವರಿಗೆ ಅದರಲ್ಲಿ ಬಿಡಿಗಾಸೂ ಬರಲಿಲ್ಲ. ನಮಗೆ ಬಂದದ್ದು ಎರಡು: 2018ರ ಕೊನೆಯವರೆಗೆ ₹2,000ದ ಬ್ಯಾಟರಿ, ಮತ್ತು 2018ರ ಮಾರ್ಚ್ ಕೊನೆಗೆ ಐಓಎಸ್ 11.3ರಲ್ಲಿ ಬಂದ ಬ್ಯಾಟರಿ ಹೆಲ್ತ್ ಪುಟ. ಗರಿಷ್ಠ ಸಾಮರ್ಥ್ಯ ಎಷ್ಟು, ವೇಗಕ್ಕೆ ಮಿತಿ ಹಾಕಿದೆಯೋ ಇಲ್ಲವೋ ಅಲ್ಲಿ ಕಾಣುತ್ತೆ. ಒಮ್ಮೆ ದಿಢೀರನೆ ಆಫ್ ಆದ ಮೇಲಷ್ಟೇ ಮಿತಿ ಜಾರಿಯಾಗುತ್ತೆ, ಬೇಡವಾದರೆ ತೆಗೆದುಹಾಕಬಹುದು. ಸಾಫ್ಟ್‌ವೇರ್ ಎಲ್ಲ ದೇಶಕ್ಕೂ ಒಂದೇ ಆದ್ದರಿಂದ ತುಮಕೂರಿನ ಫೋನಿಗೂ ಬಂತು. ಪರಿಹಾರದ ಹಣ ಮಾತ್ರ ಆಯಾ ದೇಶದ ಕಾಯಿದೆಯ ಗಡಿಯೊಳಗೇ ಉಳಿಯುತ್ತೆ.

ಇಲ್ಲಿ ದಾರಿ ಇಲ್ಲವೇ ಅಂದರೆ ಇದೆ. ಗ್ರಾಹಕ ಸಂರಕ್ಷಣಾ ಕಾಯಿದೆ 2019ರ ಸೆಕ್ಷನ್ 35ರಡಿ ಒಂದೇ ಹಿತಾಸಕ್ತಿಯ ಅನೇಕ ಗ್ರಾಹಕರ ಪರವಾಗಿ ಗ್ರಾಹಕ ಆಯೋಗದ ಅನುಮತಿ ಪಡೆದು ಒಂದೇ ದೂರು ಹಾಕಬಹುದು. ಒಬ್ಬರೇ ಹಾಕುವುದಾದರೆ: ಮೊದಲು ಕಂಪನಿಗೆ ಲಿಖಿತ ದೂರು, ನಂಬರ್ ಪಡೆದುಕೊಳ್ಳಿ. ಆಮೇಲೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ, ಎಷ್ಟೋ ದೂರು ಅಲ್ಲೇ ಇತ್ಯರ್ಥ ಆಗುತ್ತೆ. ಆಗದಿದ್ದರೆ ಜಿಲ್ಲಾ ಆಯೋಗ. ಕೊಂಡ ವಸ್ತುವಿಗೆ ಕೊಟ್ಟ ಬೆಲೆ ₹5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ನೀವು ವಾಸವಿರುವ ಊರಿನ ಜಿಲ್ಲೆಯಲ್ಲೇ ಹಾಕಬಹುದು, ಆನ್‌ಲೈನ್‌ನಲ್ಲೂ ಆಗುತ್ತೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು.

ದೂರು ಬಿದ್ದುಹೋಗೋದು ಹೆಚ್ಚಾಗಿ ಸಾಕ್ಷ್ಯದಲ್ಲಿ. ಸ್ಕ್ರೀನ್‌ಶಾಟ್ ಮುದ್ರಿಸಿ ಲಗತ್ತಿಸಿದರೆ ಸಾಲದೇ ಹೋಗಬಹುದು. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿರಲಿ. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲು ಒಂದಿಷ್ಟು ಬದಲಾದರೂ ಬದಲಾಗುವ ಗುರುತು ಸಂಖ್ಯೆ) ಬರೆಯಬೇಕು, ಆದ್ದರಿಂದ ಮೂಲ ಫೈಲನ್ನು ಕತ್ತರಿಸದೆ, ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯನ್ನು ನೆಚ್ಚದೆ ಹಾಗೇ ಇಟ್ಟಿರಿ. ದೋಷ ಪರೀಕ್ಷೆಯಿಲ್ಲದೆ ಗೊತ್ತಾಗುವಂಥದ್ದಲ್ಲ ಅಂದರೆ ಸೆಕ್ಷನ್ 38ರಡಿ ಆಯೋಗವೇ ಪ್ರಯೋಗಾಲಯಕ್ಕೆ ಕಳಿಸಬಹುದು. ಅದಕ್ಕಾಗಿ ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳಿಕೊಳ್ಳಿ.

---

ತುಂಗಾತೀರ

ಕಾಯಿದೆಕಟ್ಟೆ ಸರ್, ಬಹಳ ಉಪಕಾರವಾಯಿತು. ಬೇರೆ ಕಂಪನಿಗಳಲ್ಲೂ ಇದೇ ತರಹ ನಡೆದಿದೆಯಾ, ಅಂಕಿಮನೆ ಅವರೇ?

---

ಅಂಕಿಮನೆ

ಎರಡು ಹೇಳ್ತೀನಿ, ವಿಧಾನ ಚೆನ್ನಾಗಿದೆ ಅಂತ.

2022ರ ಮಾರ್ಚ್, ಸ್ಯಾಮ್‌ಸಂಗ್ ಗೇಮ್ ಆಪ್ಟಿಮೈಸಿಂಗ್ ಸರ್ವಿಸ್. ಸುಮಾರು 10,000 ಆ್ಯಪ್‌ಗಳ ಹೆಸರಿನ ಪಟ್ಟಿ ಇಟ್ಟುಕೊಂಡು ಅವುಗಳ ವೇಗ ತಗ್ಗಿಸುತ್ತೆ, ಆದರೆ ವೇಗ ಅಳೆಯುವ ಬೆಂಚ್‌ಮಾರ್ಕ್ ಆ್ಯಪ್‌ಗಳನ್ನು ಮುಟ್ಟೋದಿಲ್ಲ ಅನ್ನೋದು ಕೊರಿಯಾದ ಬಳಕೆದಾರರ ದೂರು. ಸಾಬೀತು ಮಾಡಿದ ರೀತಿ ಸರಳ. ಬೆಂಚ್‌ಮಾರ್ಕ್ ಆ್ಯಪ್‌ನ ಪ್ಯಾಕೇಜ್ ಹೆಸರನ್ನು (ಫೋನು ಆ್ಯಪನ್ನು ಗುರುತಿಸುವ ಒಳಹೆಸರು) ಒಂದು ಜನಪ್ರಿಯ ಆಟದ ಹೆಸರಿಗೆ ಬದಲಿಸಿ ಓಡಿಸಿದರು. ಒಳಗಿನ ಕೋಡ್ ಅದೇ, ಫೋನೂ ಅದೇ, ಹೆಸರು ಮಾತ್ರ ಬೇರೆ. ಅಂಕ ಬಿತ್ತು. ಗೀಕ್‌ಬೆಂಚ್ ಗ್ಯಾಲಕ್ಸಿ ಎಸ್10ರಿಂದ ಎಸ್22ರವರೆಗಿನ ಸರಣಿಗಳನ್ನು ತನ್ನ ಪಟ್ಟಿಯಿಂದ ತೆಗೆಯಿತು. ಅದೇ ತಿಂಗಳು ಅಪ್‌ಡೇಟ್ ಬಂದು, ಈ ಮಿತಿಯನ್ನು ಬಿಡುವ ಆಯ್ಕೆ ಬಳಕೆದಾರರ ಕೈಗೆ ಬಂತು.

ಎರಡನೆಯದು 2025ರ ಜನವರಿ, ಗೂಗಲ್‌ನ ಪಿಕ್ಸೆಲ್ 4ಎ ಫೋನು. ಬ್ಯಾಟರಿಯ ಸ್ಥಿರತೆಗಾಗಿ ಅಂತ ಹೇಳಿ ಬಂದ ಅಪ್‌ಡೇಟ್ ಅನೇಕ ಫೋನುಗಳ ಚಾರ್ಜ್ ಸಾಮರ್ಥ್ಯವನ್ನೇ ತಗ್ಗಿಸಿತು. ಕೋಡ್ ಬಿಚ್ಚಿ ನೋಡಿದವರು ಗರಿಷ್ಠ ಚಾರ್ಜ್ ವೋಲ್ಟೇಜನ್ನು 3.95 ವೋಲ್ಟ್‌ಗೆ ಇಳಿಸಿದ್ದನ್ನು ತೋರಿಸಿದರು. ಬ್ಯಾಟರಿ ಬಿಸಿಯಾಗಿ ಬೆಂಕಿಯ ಅಪಾಯ ಇದೆ ಅನ್ನೋ ನೇರ ಮಾತು ಆಸ್ಟ್ರೇಲಿಯಾದ ಗ್ರಾಹಕ ಆಯೋಗದ ಹಿಂಪಡೆತ ಸೂಚನೆಯಲ್ಲಿ ಬಂತು. ಅಪ್‌ಡೇಟ್ ಟಿಪ್ಪಣಿಯಲ್ಲಿ “ಸ್ಥಿರತೆ”, “ಸುಗಮ ಅನುಭವ”, “ಆಯ್ದ ಸಾಧನಗಳು” ಅನ್ನೋ ಪದ ಕಂಡರೆ ಆ ದಿನವೇ ಒಮ್ಮೆ ಬ್ಯಾಟರಿ ಪುಟದ ಫೋಟೋ ತೆಗೆದಿಡಿ.

ಅಳತೆ ಕೈಗೆ ಸಿಗದ ಪ್ರಕರಣ ಹೇಗೆ ಜಾರುತ್ತೆ ಅಂತಲೂ ನೋಡಿ. ಟ್ಯಾಕ್ಸಿ ಆ್ಯಪ್‌ಗಳು ಐಫೋನ್‌ಗೆ ಒಂದು ದರ, ಆಂಡ್ರಾಯ್ಡ್‌ಗೆ ಒಂದು ದರ ತೋರಿಸ್ತಾರೆ ಅನ್ನೋ ಸುದ್ದಿಯ ಮೇಲೆ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಊಬರ್‌ಗೆ ನೋಟಿಸ್ ಕೊಟ್ಟಿತು. ನಮ್ಮ ಧಾರವಾಡದ ಸಂಸದ, ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಅದನ್ನು ತಿಳಿಸಿದರು. ಎರಡೂ ಕಂಪನಿಗಳು ಅಲ್ಲಗಳೆದವು. ಅಕ್ಕಪಕ್ಕ ಇಟ್ಟ ಎರಡು ಫೋನಿನ ಫೋಟೋ ಒಂದು ಸುಳಿವು ಅಷ್ಟೇ. ದರ ಕ್ಷಣಕ್ಷಣಕ್ಕೂ ಬದಲಾಗುತ್ತೆ, ಖಾತೆಯ ಹಳೇ ಬಳಕೆ ಬೇರೆ, ಜಿಪಿಎಸ್ ಹತ್ತು ಮೀಟರ್ ಆಚೀಚೆ ತೋರಿಸಿದರೂ ದರ ಬೇರೆ. ಎರಡೂ ಫೋನಿನಲ್ಲಿ ಹತ್ತುವ ಜಾಗವನ್ನು ಕೈಯಾರೆ ಗುರುತಿಸಿ, ಒಟ್ಟಿಗೆ ಒತ್ತಿ, ಅರ್ಧ ಆದ ಮೇಲೆ ಖಾತೆಗಳನ್ನು ಅದಲುಬದಲು ಮಾಡಿ, ಕನಿಷ್ಠ 30 ಜೋಡಿ ಓದು ಬರೆದರೆ ಆಗ ಮಾತಾಡೋಕೆ ಏನಾದರೂ ಸಿಕ್ಕೀತು.

---

ಪೀಣ್ಯ_ಲೈನ್

ಸುದ್ದಿಕಟ್ಟೆ ಅವರು ಹೇಳಿದ ಲಕ್ಷಣ ಬದಲಾಗೋ ಮಾತು ಒಪ್ಪಿದೆ. ನಾನು ಆ ದಿಕ್ಕಿನಿಂದ ನೋಡಿರಲಿಲ್ಲ. ಯೂರೋಪಿನಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ 800 ಸುತ್ತಿನ ನಂತರವೂ 80% ಸಾಮರ್ಥ್ಯ ಉಳಿಯಬೇಕು ಅನ್ನೋ ನಿಯಮ ಬಂದಿದೆ. ತಯಾರಿಕೆಯ ಕಡೆಯಿಂದ ನೋಡಿದರೆ ಇಂಥ ನಿಗದಿತ ಅಂಕಿಯೇ ಒಳ್ಳೇದು. ಯಾವ ಸೆಲ್ ತರಿಸಬೇಕು ಅಂತ ಮೊದಲೇ ತಿಳಿದಿರುತ್ತೆ.

---

ಹೊನ್ನಾವರದಿಂದ

ಸೆಕೆಂಡ್ ಹ್ಯಾಂಡ್ ಐಫೋನ್ ಕೊಳ್ಳೋರಿಗೆ ಈ ಬ್ಯಾಟರಿ ಹೆಲ್ತ್ ಪುಟ ನಂಬಬಹುದಾ? ಅಂಗಡಿಯವರು 100% ಅಂತ ತೋರಿಸ್ತಾರಲ್ಲ.

---

ಬೆಸುಗೆಕಡ್ಡಿ

100% ಒಂದನ್ನೇ ನೋಡಿ ದುಡ್ಡು ಕೊಡಬೇಡಿ. ಬ್ಯಾಟರಿಯ ಚಿಪ್‌ನಲ್ಲಿರೋ ಅಂಕಿ ತಿದ್ದೋ ಉಪಕರಣ ರಿಪೇರಿ ಮಾರುಕಟ್ಟೆಯಲ್ಲಿ ಸಿಗುತ್ತೆ.

ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆಯಿರಿ. ಹೊರಗಿನ ಬ್ಯಾಟರಿ ಹಾಕಿದ್ದರೆ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಆಮೇಲಿನ ಮಾಡೆಲ್‌ಗಳಲ್ಲಿ ಅಸಲಿ ಅಂತ ಖಾತ್ರಿಯಿಲ್ಲ ಅನ್ನೋ ಸೂಚನೆ ಸಾಮಾನ್ಯವಾಗಿ ಇರುತ್ತೆ. ಹಳೇ ಚಿಪ್ಪನ್ನೇ ಹೊಸ ಸೆಲ್‌ಗೆ ಬೆಸುಗೆ ಹಾಕಿದ್ದರೆ ಆ ಸೂಚನೆಯೂ ಬರದೇ ಇರಬಹುದು. ಐಫೋನ್ 15 ಅಥವಾ ಆಮೇಲಿನದಾದರೆ ಬ್ಯಾಟರಿ ಪುಟದಲ್ಲಿ ಸುತ್ತಿನ ಲೆಕ್ಕ, ತಯಾರಾದ ತಿಂಗಳು, ಮೊದಲು ಬಳಸಿದ ತಿಂಗಳು ಮೂರೂ ಇರುತ್ತೆ. ಸಾಮರ್ಥ್ಯ 100%, ಸುತ್ತು 600 ಅಂತಿದ್ದರೆ ಎರಡರಲ್ಲಿ ಒಂದು ಸುಳ್ಳು, ಅಲ್ಲಿಂದ ಎದ್ದು ಬನ್ನಿ.

ಅಂಗಡಿಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ: ಚಾರ್ಜು 30%ಕ್ಕಿಂತ ಕೆಳಗಿರೋವಾಗ ಬೆಳಕು ಪೂರ್ತಿ ಇಟ್ಟು, ಟಾರ್ಚ್ ಹಾಕಿ ಕ್ಯಾಮೆರಾದಲ್ಲಿ 4ಕೆ ವಿಡಿಯೋ 5 ನಿಮಿಷ ಓಡಿಸಿ. ಶೇಕಡಾ ಅಂಕಿ ಒಂದೊಂದೇ ಇಳಿದರೆ ಸರಿ. 28ರಿಂದ 21ಕ್ಕೆ ಜಿಗಿದರೆ ಅಥವಾ ಆರಿಹೋದರೆ ಸೆಲ್‌ನ ರೋಧ ಏರಿದೆ. ಪರದೆಯ ಅಂಚು ಎದ್ದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಎದ್ದಿದ್ದರೆ ಬ್ಯಾಟರಿ ಊದಿರಬಹುದು, ಅದನ್ನ ಒತ್ತಿ ಕೂರಿಸೋಕೆ ಮಾತ್ರ ಹೋಗಬೇಡಿ.